ಆಟಿಕೆಯ ವಿಮಾನ ಹಾರಿಸಿದ ಚಿತ್ರನಟ ರೆಜಿನಾಲ್ಡ್ ಡೆನ್ನಿ

ಮದುವೆ ಮನೆಯ ಚಪ್ಪರದ ಮೇಲೆ, ಜಾತ್ರೆಯ ದಿನ ರಥಬೀದಿಯ ಮೇಲೆ, ದೊಡ್ಡ ದುಂಬಿಯಂತೆ ಗುಂಯ್‌ಗುಟ್ಟುತ್ತ ಸುತ್ತುವ ಡ್ರೋನನ್ನು ನಾವೆಲ್ಲರೂ ಈಗ ಕಂಡವರೇ. ಮೊದಮೊದಲು ತಲೆಯೆತ್ತಿ ಬಾಯಿ ತೆರೆದು ನೋಡುತ್ತಿದ್ದವರು ಈಗ ಅದರತ್ತ ಕಣ್ಣೆತ್ತುವುದನ್ನೂ ಬಿಟ್ಟಿದ್ದೇವೆ. ಈ ಬಗೆಯ ಯಂತ್ರಗಳ ಮೂಲಪುರುಷ ಒಬ್ಬನೇ ಅಲ್ಲ, ಹಲವರಿದ್ದಾರೆ. ಆದರೆ ಒಳಗೆ ಮನುಷ್ಯನಿಲ್ಲದೆ, ನೆಲದಿಂದ ಬರುವ ರೇಡಿಯೋ ಅಲೆಗಳ ಅಪ್ಪಣೆಯಂತೆ ಹಾರುವ ವಿಮಾನವನ್ನು ಅಮೆರಿಕದಲ್ಲಿ ಮೊತ್ತಮೊದಲು ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಯಾರಿಸಿದ ಕಂಪೆನಿಯನ್ನು ಕಟ್ಟಿದವನು ವಿಜ್ಞಾನಿಯಲ್ಲ, ಇಂಜಿನಿಯರನಲ್ಲ, ಸೇನಾಪತಿಯೂ ಅಲ್ಲ. ಆತನೊಬ್ಬ ಹಾಸ್ಯನಟ. ಹೆಸರು ರೆಜಿನಾಲ್ಡ್ ಡೆನ್ನಿ.

ಪಾಠ ಬದಿಗಿಟ್ಟು ಆಟಿಕೆಯ ವಿಮಾನದ ಹಿಂದೆ ಬಿದ್ದ ಮಗನನ್ನು ಗದರಿಸದ ತಂದೆತಾಯಿಗಳು ನಮ್ಮಲ್ಲಿ ಕಡಿಮೆ. ಗದರಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಲುವತ್ತು ದಾಟಿದ ಮೇಲೆ, ಪೇಟೆಯೆಲ್ಲ ಗುರುತಿಸುವ ಮುಖವಿಟ್ಟುಕೊಂಡು, ಮೈದಾನದಲ್ಲಿ ಮಕ್ಕಳ ವಿಮಾನದ ಬೆನ್ನಟ್ಟಿ ಓಡಿದ ಈ ಮನುಷ್ಯನ ಕಥೆಯನ್ನು ಒಮ್ಮೆ ಕೇಳಿ, ಆಮೇಲೆ ಗದರಿಸಿದರೂ ಆಗಬಹುದು.

ಮೇಳದ ಮನೆಯ ಹುಡುಗ

ಡೆನ್ನಿ ಹುಟ್ಟಿದ್ದು 1891ರ ನವೆಂಬರ್ 20ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ರಿಚ್ಮಂಡ್ ಎಂಬ ಊರಿನಲ್ಲಿ. ಮನೆತನದ ನಿಜವಾದ ಹೆಸರು ಡಗ್ಮೋರ್. ಡೆನ್ನಿ ಎಂಬುದು ತಂದೆ ರಂಗಭೂಮಿಗಾಗಿ ಇಟ್ಟುಕೊಂಡ ಹೆಸರು. ತಂದೆ ಡಬ್ಲ್ಯು.ಎಚ್. ಡೆನ್ನಿ ಲಂಡನ್ನಿನ ಪ್ರಸಿದ್ಧ ಹಾಸ್ಯ ಗಾಯಕನಟ. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಗೀತನಾಟಕಗಳಲ್ಲಿ ಹಾಡಿದವನು. ಅವರ 1888ರ ನಾಟಕವೊಂದರಲ್ಲಿ ಬರುವ ಸೆರೆಮನೆಯ ಕಾವಲುಗಾರನ ನಗೆಯ ಪಾತ್ರವನ್ನು ರಂಗದ ಮೇಲೆ ಮೊದಲು ಆಡಿ ತೋರಿಸಿದವನು ಇವನೇ. ನಮ್ಮಲ್ಲಿ ಮೇಳದ ಹಾಸ್ಯಗಾರನ ಮಗ ಚೌಕಿಯಲ್ಲೇ ನಿದ್ದೆಮಾಡಿ, ಬಣ್ಣದ ವಾಸನೆಯಲ್ಲೇ ಬೆಳೆದು ಕಾಲಿಗೆ ಗೆಜ್ಜೆ ಕಟ್ಟುವಂತೆ, ಹುಡುಗ ರೆಜಿನಾಲ್ಡನೂ ಏಳೆಂಟು ವರ್ಷಕ್ಕೇ ರಂಗವನ್ನೇರಿದನು.

ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿನಾರರ ಹರೆಯದಲ್ಲಿ ಶಾಲೆಯಿಂದ ಓಡಿಹೋಗಿ ಮುಷ್ಟಿಯುದ್ಧ ಕಲಿಯತೊಡಗಿದನು. ಗಟ್ಟಿ ಮೈಕಟ್ಟು, ಒಳ್ಳೆಯ ಕಂಠ, ನಗಿಸುವ ಗುಣ, ಈ ಮೂರೂ ಒಬ್ಬನಲ್ಲೇ ಕೂಡಿಬಂದಿದ್ದವು. 1911ರಲ್ಲಿ ನಾಟಕವೊಂದರ ಜತೆಗೆ ಅಮೆರಿಕಕ್ಕೆ ಹೋದನು. ಅಲ್ಲಿಂದ ಮೇಲೆ ಬ್ಯಾಂಡ್‌ಮನ್ ಒಪೆರಾ ಕಂಪೆನಿಯಲ್ಲಿ ಗಾಯಕನಾಗಿ ಸೇರಿ ಪೂರ್ವದೇಶಗಳ ತಿರುಗಾಟಕ್ಕೆ ಹೊರಟನು.

ಈ ಮನುಷ್ಯನ ಬಾಳಿಗೆ ನಮ್ಮ ದೇಶದ ನಂಟು ಅಂಟಿದ್ದು ಇಲ್ಲಿ. ಬ್ಯಾಂಡ್‌ಮನ್ ಕಂಪೆನಿ ಕಲ್ಕತ್ತೆಯನ್ನು ನೆಲೆ ಮಾಡಿಕೊಂಡು, ಹಡಗು ರೈಲುಗಳಲ್ಲಿ ಪೆಟ್ಟಿಗೆ ಪರದೆ ಹೇರಿಕೊಂಡು, ಊರಿಂದೂರಿಗೆ ಆಟ ಆಡುತ್ತ ಹೋಗುವ ಬಿಳಿಯರ ಮೇಳ. ನಮ್ಮ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆ ಮೇಳಕ್ಕೆ ಅಂಥ ಬಿಡುವೂ ಇರಲಿಲ್ಲ. 1913ರಲ್ಲಿ ಕಲ್ಕತ್ತೆಯಲ್ಲಿಯೇ, ಅದೇ ಕಂಪೆನಿಯ ನಟಿಯೊಬ್ಬಳನ್ನು ಡೆನ್ನಿ ಮದುವೆಯಾದನು. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಭಾರತದಲ್ಲಿ ಹಾಡಿ ಕುಣಿದ ಈ ತರುಣನಿಗೆ ವಿಮಾನದ ಯೋಚನೆ ಆಗ ಕನಸಿನಲ್ಲೂ ಇದ್ದಿರಲಾರದು.

ಆಕಾಶದ ಮೊದಲ ಪಾಠ

ಮೊದಲನೆಯ ಮಹಾಯುದ್ಧ ಆತನನ್ನು ರಂಗದಿಂದ ಆಕಾಶಕ್ಕೆ ಎತ್ತಿತು. 1917ರಲ್ಲಿ ಬ್ರಿಟನಿನ ವಾಯುದಳವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿ, ವೀಕ್ಷಕ ಮತ್ತು ಬಂದೂಕುಗಾರನಾಗಿ ಕೆಲಸಮಾಡಿದನು. ಅಂದಿನ ವಿಮಾನಗಳೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ತಂತಿಯಿಂದ ಎಳೆದು ಕಟ್ಟಿದ ಯಂತ್ರಗಳು. ಮುಂದೆ ಚಾಲಕ, ಹಿಂದೆ ತೆರೆದ ಗೂಡಿನಲ್ಲಿ ಬಂದೂಕು ಹಿಡಿದ ವೀಕ್ಷಕ. ಚಾಲಕ ಎತ್ತ ತಿರುಗಿಸಿದರೆ ಅತ್ತ ಇವನ ಪ್ರಾಣ. ಗಾಳಿಯಲ್ಲಿ ತೇಲುತ್ತಿರುವ, ಓಡುತ್ತಿರುವ ಗುರಿಗೆ ಹೊಡೆಯುವುದು ಎಷ್ಟು ಕಷ್ಟ ಎಂಬುದನ್ನು ಹೀಗೆ ಕುಳಿತವನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಈ ಅನುಭವ ಇಪ್ಪತ್ತು ವರ್ಷಗಳ ಬಳಿಕ ಆತನ ಕೈಹಿಡಿಯಿತೆಂದು ನಾವು ಭಾವಿಸುತ್ತೇವೆ.

ಯುದ್ಧ ಮುಗಿದ ಮೇಲೆ 1919ರಲ್ಲಿ ಡೆನ್ನಿ ಮತ್ತೆ ಅಮೆರಿಕಕ್ಕೆ ಹೋದನು. ಅದು ಮೂಕಿ ಚಿತ್ರಗಳ ಕಾಲ. 1922ರಲ್ಲಿ ಆರಂಭವಾದ ಮುಷ್ಟಿಯುದ್ಧದ ಸರಣಿ ಚಿತ್ರಗಳಲ್ಲಿ ನಾಯಕನಾಗಿ ಹೆಸರು ಮಾಡಿದನು. ಹುಡುಗನಾಗಿದ್ದಾಗ ಶಾಲೆ ತಪ್ಪಿಸಿ ಕಲಿತ ವಿದ್ಯೆ ಅನ್ನಕ್ಕೆ ಬಂದಂತಾಯಿತು. ಆಮೇಲೆ ಯೂನಿವರ್ಸಲ್ ಕಂಪೆನಿಯ ಹಾಸ್ಯಚಿತ್ರಗಳಲ್ಲಿ, ಸೂಟು ತೊಟ್ಟು ಪೇಚಿಗೆ ಸಿಕ್ಕಿಕೊಳ್ಳುವ ಅಮೆರಿಕದ ಮಧ್ಯಮವರ್ಗದ ಗಂಡನ ಪಾತ್ರಗಳನ್ನು ಆಡಿ ಮನೆಮಾತಾದನು. ಕೈಯಲ್ಲಿ ಹಣ ಸೇರಿದಾಗ ಹಳೆಯ ಯುದ್ಧವಿಮಾನವೊಂದನ್ನು ಕೊಂಡು, ಬಿಡುವಿದ್ದಾಗಲೆಲ್ಲ ಹಾರಿಸುತ್ತಿದ್ದನು. ಚಲನಚಿತ್ರಗಳಿಗಾಗಿ ಆಕಾಶದಲ್ಲಿ ಸಾಹಸ ತೋರುವ ಚಾಲಕರ ಗುಂಪಿನ ಒಡನಾಟವೂ ಆತನಿಗಿತ್ತು.

ಚಿತ್ರಕ್ಕೆ ಮಾತು ಬಂದಾಗ

1920ರ ದಶಕದ ಕೊನೆಗೆ ಚಿತ್ರಗಳು ಮಾತನಾಡತೊಡಗಿದವು. ಡೆನ್ನಿಯ ಭಾಗ್ಯಕ್ಕೆ ಅದೇ ಕುತ್ತಾಯಿತು. ತೆರೆಯ ಮೇಲೆ ಅಪ್ಪಟ ಅಮೆರಿಕನ್ನನಂತೆ ಕಾಣುತ್ತಿದ್ದವನು ಬಾಯಿ ತೆರೆದೊಡನೆ ಅಪ್ಪಟ ಇಂಗ್ಲಿಷಿನವನಾಗಿಬಿಟ್ಟನು. ತಾಯಿಯ ಮಡಿಲಲ್ಲಿ ಕಲಿತ ಮಾತಿನ ರಾಗವನ್ನು ಬಣ್ಣ ಬಳಿದು ಮುಚ್ಚಲಾಗುವುದೆ? ಹೊರನಾಡಿನಲ್ಲಿ ಬಾಳುವವನಿಗೆ ಇದು ಯಾವಾಗಲಾದರೊಮ್ಮೆ ಎದುರಾಗುವ ಸಂಗತಿ. ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಾಯಕನ ಪಾತ್ರಗಳು ಕಡಿಮೆಯಾದವು. ನಾಯಕನ ಗೆಳೆಯ, ಮನೆತನದ ಹಿತೈಷಿ, ಇಂಗ್ಲಿಷ್ ಸಭ್ಯಗೃಹಸ್ಥ, ಇಂಥ ಸಣ್ಣ ಪಾತ್ರಗಳು ಪಾಲಿಗೆ ಬಂದವು. ಡೆನ್ನಿ ಅವನ್ನೂ ಬೇಸರವಿಲ್ಲದೆ, ಅಚ್ಚುಕಟ್ಟಾಗಿ ಮಾಡಿದನು. 1940ರಲ್ಲಿ ಬಂದ ಆಲ್ಫ್ರೆಡ್ ಹಿಚ್‌ಕಾಕನ ‘ರೆಬೆಕ್ಕ’ ಚಿತ್ರವನ್ನು ನೋಡಿದವರಿಗೆ ಎಸ್ಟೇಟಿನ ಮೇಲ್ವಿಚಾರಕ ಫ್ರಾಂಕ್ ಕ್ರಾಲಿಯ ನೆನಪಿರಬಹುದು. ಅದು ಇವನೇ.

ಸಣ್ಣ ಪಾತ್ರದ ನಟನಿಗೆ ಒಂದು ಅನುಕೂಲವಿದೆ. ಎರಡು ಚಿತ್ರಗಳ ನಡುವೆ ಆತನಿಗೆ ಬಿಡುವು ಹೆಚ್ಚು. ಆ ಬಿಡುವನ್ನು ಏನು ಮಾಡಿಕೊಳ್ಳುತ್ತಾನೆ ಎಂಬುದರ ಮೇಲೆ ಅವನ ಮುಂದಿನ ಬಾಳು ನಿಲ್ಲುತ್ತದೆ.

ಪಕ್ಕದ ಮನೆಯ ಹುಡುಗನ ವಿಮಾನ

1930ರ ದಶಕದ ಆರಂಭದಲ್ಲಿ ನೆರೆಮನೆಯ ಹುಡುಗನೊಬ್ಬ ಮಾದರಿ ವಿಮಾನವೊಂದನ್ನು ಹಾರಿಸಲು ಹೆಣಗುತ್ತಿದ್ದನಂತೆ. ಯುದ್ಧದಲ್ಲಿ ಹಾರಿದವನು, ಸ್ವಂತ ವಿಮಾನ ನಡೆಸಿದವನು ಎಂಬ ಭರವಸೆಯಿಂದ ಡೆನ್ನಿ ಅದನ್ನು ಕೈಗೆ ತೆಗೆದುಕೊಂಡು ಅಲ್ಲಿ ಇಲ್ಲಿ ತಿದ್ದಿ ಬಿಟ್ಟನು; ವಿಮಾನ ನೆಲಕ್ಕೆ ಬಡಿದು ಚೂರಾಯಿತು ಎಂದು ಹೇಳುವುದುಂಟು. ಹುಡುಗನಿಗೆ ಹೊಸದೊಂದನ್ನು ಮಾಡಿಕೊಡಲು ಹೊರಟವನು ಆ ಹುಚ್ಚಿನಿಂದ ಮತ್ತೆ ಹೊರಬರಲಿಲ್ಲ.

ಕಥೆ ಬೆಳೆದು ಬಂದದ್ದೇ ಇರಬಹುದು, ಆದರೆ ಅದರೊಳಗಿನ ಮಾತು ಸತ್ಯ. ದೊಡ್ಡ ವಿಮಾನ ನಡೆಸಬಲ್ಲವನಿಗೆ ಸಣ್ಣದು ತಾನಾಗಿ ಒಲಿಯುವುದಿಲ್ಲ. ದೊಡ್ಡ ವಿಮಾನದೊಳಗೆ ಕುಳಿತವನಿಗೆ ಅದು ವಾಲಿದರೆ ಮೈಯೇ ಹೇಳುತ್ತದೆ. ಕೈ ಕೂಡಲೇ ತಿದ್ದುತ್ತದೆ. ಆಗಿನ ಮಾದರಿ ವಿಮಾನಕ್ಕೋ, ಕೈಯಿಂದ ಬಿಟ್ಟ ಬಳಿಕ ಯಾರ ಹತೋಟಿಯೂ ಇರಲಿಲ್ಲ. ಹಾರಿಸುವವನು ತನ್ನ ಬುದ್ಧಿಯನ್ನೆಲ್ಲ ಮೊದಲೇ ಅದರ ಮೈಯಲ್ಲಿ ಇಟ್ಟಿರಬೇಕು. ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆತ್ತಿ ಕೂಡಿಸಿದರೆ ಒಂದು ಬದಿಗೆ ವಾಲಿದ ವಿಮಾನ ತಾನಾಗಿ ನೆಟ್ಟಗಾಗುತ್ತದೆ. ಭಾರದ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ ಹಿಂದೆ ಇರಬೇಕು. ಬಾಲ ಭಾರವಾದರೆ ಮೂಗೆತ್ತಿ ನಿಂತು, ವೇಗ ಕಳಕೊಂಡು ದೊಪ್ಪನೆ ಬೀಳುತ್ತದೆ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ, ತಕ್ಕಡಿಯಂತೆ ಸಮವಾಗಿ ನಿಲ್ಲುತ್ತದೆಯೇ ಎಂದು ನೋಡುವ ಪದ್ಧತಿ ಆಗಲೂ ಇತ್ತು, ಈಗಲೂ ಇದೆ.

ತೆಂಗಿನ ಗರಿಯ ಗಿರಿಗಿಟ್ಲೆಯನ್ನು ನಮ್ಮ ಮಕ್ಕಳು ಹೇಗೆ ಮಾಡುತ್ತಿದ್ದರೆಂಬುದನ್ನು ನೆನೆಯಿರಿ. ಒಂದು ಎಸಳು ಉದ್ದವಾದರೆ ತಿರುಗದು, ನಡುವಿನ ಕಡ್ಡಿ ಬಿಗಿಯಾದರೆ ತಿರುಗದು. ಮಾಡಿ, ಓಡಿ, ನೋಡಿ, ಮತ್ತೆ ಗರಿ ಕೀಳಬೇಕು. ಡೆನ್ನಿ ಮಾಡಿದ್ದೂ ಇಷ್ಟನ್ನೇ. 1934ರಲ್ಲಿ, ಎಣ್ಣೆ ಉದ್ಯಮದ ಶ್ರೀಮಂತ ಮನೆತನದ ಪಾಲ್ ವಿಟ್ಟಿಯರ್ ಜತೆಗೂಡಿ ರೆಜಿನಾಲ್ಡ್ ಡೆನ್ನಿ ಇಂಡಸ್ಟ್ರೀಸ್ ಎಂಬ ಸಂಸ್ಥೆಯನ್ನು ಆರಂಭಿಸಿದನು. ಹಾಲಿವುಡ್ಡಿನ ಪೇಟೆಬೀದಿಯಲ್ಲಿ ಮಾದರಿ ವಿಮಾನದ ಅಂಗಡಿಯೊಂದು ತೆರೆಯಿತು. ತೆರೆಯ ಮೇಲಿನ ಮನುಷ್ಯ ಗಲ್ಲಾಪೆಟ್ಟಿಗೆಯ ಹಿಂದೆ ಬಾಲ್ಸಾ ಮರದ ಪಟ್ಟಿ, ತೆಳುಕಾಗದ, ಅಂಟು ಮಾರುವ ವ್ಯಾಪಾರಿಯಾದನು.

ಕಟ್ಟುವುದು, ಒಡೆಯುವುದು, ಕಲಿಯುವುದು

ಆಗಿನ ಮಾದರಿಗಳು ಹೇಗಿದ್ದವೆಂದು ಎರಡು ಮಾತು ಹೇಳಬೇಕು. ಬಾಲ್ಸಾ ಎಂಬುದು ದಕ್ಷಿಣ ಅಮೆರಿಕದ ಒಂದು ಮರ, ಬೆಂಡಿನಷ್ಟು ಹಗುರ, ಆದರೂ ಗಟ್ಟಿ. ಅದರ ಸಣ್ಣ ಪಟ್ಟಿಗಳಿಂದ ಎಲುಬುಗೂಡು ಕಟ್ಟಿ, ಮೇಲೆ ತೆಳುಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ಅದಕ್ಕೊಂದು ಬಗೆಯ ವಾರ್ನಿಶ್ ಹಚ್ಚುತ್ತಿದ್ದರು. ಒಣಗುತ್ತ ಬಂದಂತೆ ಕಾಗದ ಚೆಂಡೆಯ ಚರ್ಮದಂತೆ ಬಿಗಿಯುತ್ತಿತ್ತು. ಮುಂದೆ ಪುಟ್ಟ ಪೆಟ್ರೋಲ್ ಇಂಜಿನ್. ಅದಕ್ಕೆ ಕಿಡಿ ಕೊಡಲು ಕಾಯಿಲ್, ಬ್ಯಾಟರಿ.

ಇದರ ಆರೈಕೆಯೇ ಒಂದು ವ್ರತ. ಹಾರಿಸಿ ತಂದೊಡನೆ ಎಣ್ಣೆಯ ಜಿಡ್ಡನ್ನು ಒರೆಸದಿದ್ದರೆ ಅದು ಮರಕ್ಕೆ ಇಳಿದು ಅಂಟು ಬಿಡುತ್ತದೆ. ಇಂಜಿನಿನ ನಡುಕಕ್ಕೆ ಸಡಿಲಾದ ತಿರುಪುಗಳನ್ನು ಬಿಗಿಮಾಡಬೇಕು. ಹರಿದ ಕಾಗದಕ್ಕೆ ತೇಪೆ ಹಾಕಬಹುದು, ಮುರಿದ ಎಲುಬಿಗೆ ಜೋಡು ಕಟ್ಟಬಹುದು. ಆದರೆ ಬಿರುಕುಬಿಟ್ಟ ಪ್ರೊಪೆಲ್ಲರನ್ನು ಮಾತ್ರ ಅಂಟಿಸಿ ಬಳಸಬಾರದು, ಎಸೆಯಬೇಕು. ಮಿನಿಟಿಗೆ ಸಾವಿರಾರು ಸುತ್ತು ತಿರುಗುವ ತುಂಡು ಸಿಡಿದರೆ ಕಣ್ಣೋ ಬೆರಳೋ ಹೋದೀತು. ಇಂದಿಗೂ ಈ ಹವ್ಯಾಸದವರಿಗೆ ಇದೇ ಮೊದಲ ಪಾಠ.

ಇಷ್ಟರಲ್ಲಿ ಹೊಸದೊಂದು ವಿದ್ಯೆ ಈ ಆಟದೊಳಗೆ ಕಾಲಿಟ್ಟಿತು. ಹೋಗಿಬಿಟ್ಟ ವಿಮಾನವನ್ನು ರೇಡಿಯೋ ಮೂಲಕ ತಿರುಗಿಸುವುದು. ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ‘ಗಫ್’ ಎಂಬ ತಮ್ಮ ಮಾದರಿಯನ್ನು ಹೀಗೆ ಹಾರಿಸಿ ತೋರಿಸಿದರು. ಅದನ್ನು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಜೋಪಾನ ಮಾಡಿದ್ದಾರೆ. ಟ್ರಾನ್ಸಿಸ್ಟರ್ ಹುಟ್ಟುವುದಕ್ಕೆ ಇನ್ನೂ ಹತ್ತು ವರ್ಷವಿದ್ದ ಕಾಲ ಅದು. ಗಾಜಿನ ವಾಲ್ವುಗಳ ರೇಡಿಯೋ, ಅದಕ್ಕೆ ಭಾರವಾದ ಬ್ಯಾಟರಿಗಳು, ಇವೆಲ್ಲವನ್ನೂ ಕಾಗದದ ಹಕ್ಕಿ ಹೊರಬೇಕು. ಒಂದು ಧಡಕ್ಕಿಗೆ ವಾಲ್ವು ಒಡೆದರೆ ಮುಗಿಯಿತು.

ರೇಡಿಯೋದಿಂದ ಹಾರಿಸುವವನಿಗೆ ಇನ್ನೊಂದು ಗೊಂದಲವಿದೆ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಷ್ಟು ಹೊತ್ತು ಅದರ ಎಡವೂ ನಮ್ಮ ಎಡವೂ ಒಂದೇ. ಅದು ತಿರುಗಿ ನಮ್ಮ ಕಡೆಗೆ ಬಂತೋ, ಅದರ ಎಡ ನಮ್ಮ ಬಲವಾಯಿತು. ಹೊಸಬರ ವಿಮಾನಗಳಲ್ಲಿ ಬಹುಪಾಲು ಮುರಿಯುವುದು ಈ ಕ್ಷಣದಲ್ಲಿ. ಬಲ್ಲವರು ಹೇಳಿಕೊಡುವ ಉಪಾಯ ಸರಳ. ಎದುರು ಬರುವಾಗ ಯಾವ ಬದಿಯ ರೆಕ್ಕೆ ತಗ್ಗಿದಂತೆ ಕಾಣುತ್ತದೋ ಆ ಬದಿಗೇ ಹಿಡಿಕೆಯನ್ನು ತಳ್ಳಬೇಕು, ಬೀಳುವ ಗೋಡೆಗೆ ಊರೆಗೋಲು ಕೊಟ್ಟಂತೆ. ಹೇಳಲು ಸುಲಭ, ಕೈಗೆ ಹತ್ತಲು ವಾರಗಳು ಬೇಕು. ಒಳಗೆ ಕುಳಿತು ಹಾರಿದ್ದ ಡೆನ್ನಿಯಂಥವರಿಗೂ ಹೊರಗೆ ನಿಂತು ಹಾರಿಸುವ ಈ ಕಲೆ ಹೊಸತೇ ಆಗಿತ್ತು.

ಹೊಡೆಸಿಕೊಳ್ಳಲೆಂದೇ ಹುಟ್ಟಿದ ವಿಮಾನ

ಈ ಆಟದಿಂದ ಒಂದು ದೊಡ್ಡ ಕೆಲಸವಾಗಬಹುದೆಂದು ಡೆನ್ನಿಗೆ ಹೊಳೆಯಿತು. ನೆಲದಿಂದ ವಿಮಾನಗಳಿಗೆ ಗುಂಡು ಹಾರಿಸುವ ಸೈನಿಕರಿಗೆ ಅಭ್ಯಾಸ ಬೇಕು. ಆಗ ನಡೆಯುತ್ತಿದ್ದ ಕ್ರಮವೆಂದರೆ, ಚಾಲಕನೊಬ್ಬ ನಿಜವಾದ ವಿಮಾನವನ್ನು ಹಾರಿಸುತ್ತ, ಅದರ ಹಿಂದೆ ಉದ್ದವಾದ ಹಗ್ಗದಲ್ಲಿ ಬಟ್ಟೆಯ ಚೀಲವನ್ನು ಎಳೆದುಕೊಂಡು ಹೋಗುವುದು. ಕೆಳಗಿನವರು ಆ ಚೀಲಕ್ಕೆ ಹೊಡೆಯಬೇಕು. ಚೀಲ ನೇರವಾಗಿ, ನಿಧಾನವಾಗಿ ಹೋಗುತ್ತದೆ. ಶತ್ರುವಿನ ವಿಮಾನ ಹಾಗೆ ಹೋಗುವುದಿಲ್ಲ. ಮೇಲಾಗಿ, ಹೊಸ ಸೈನಿಕನ ಕೈ ತುಸು ತಪ್ಪಿದರೆ ಮುಂದಿರುವ ಚಾಲಕನ ಗತಿಯೇನು? ಮನುಷ್ಯನಿಲ್ಲದ, ಅಗ್ಗದ, ತಿರುಗಿ ಮುರುಗಿ ಹಾರುವ ಸಣ್ಣ ವಿಮಾನವಿದ್ದರೆ ಸೈನಿಕರಿಗೂ ಅಭ್ಯಾಸ, ಚಾಲಕನ ಜೀವವೂ ಉಳಿಯಿತು.

ಬ್ರಿಟನಿನಲ್ಲಿಯೂ ಈ ಯೋಚನೆ ನಡೆದಿತ್ತು. 1935ರಲ್ಲಿ ಅವರು ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂಬ ರೇಡಿಯೋ ವಿಮಾನವನ್ನು ಹಾರಿಸಿದರು. ಅದು ಪೂರ್ಣ ಗಾತ್ರದ ವಿಮಾನ. ರಾಣಿಜೇನಿನ ಜೋಡಿಯಾದ ಗಂಡುಜೇನಿಗೆ ಇಂಗ್ಲಿಷಿನಲ್ಲಿ ಡ್ರೋನ್ ಎಂದು ಹೆಸರು. ಇಂದು ಮಕ್ಕಳ ಬಾಯಲ್ಲೂ ಇರುವ ಈ ಶಬ್ದ ಹಾಗೆ ಬಂದುದೆಂದು ಹೇಳುತ್ತಾರೆ.

ಡೆನ್ನಿ ಅದೇ 1935ರಲ್ಲಿ ತನ್ನ ಮೊದಲ ರೇಡಿಯೋ ವಿಮಾನವನ್ನು ಅಮೆರಿಕದ ಸೇನೆಯ ಅಧಿಕಾರಿಗಳಿಗೆ ತೋರಿಸಿದನು. ಆರ್‌ಪಿ-1 ಎಂದು ಅದಕ್ಕೆ ಹೆಸರು. ಅದರಿಂದ ಕೆಲಸ ಕೈಗೂಡಲಿಲ್ಲ. ಸಿನಿಮಾದವನು ಆಟಿಕೆ ಹಿಡಿದುಕೊಂಡು ಸೇನೆಯ ಬಾಗಿಲಿಗೆ ಬಂದರೆ ಯಾರಿಗಾದರೂ ನಗು ಬರುವಂಥದ್ದೇ. ಬೇರೆಯವನಾಗಿದ್ದರೆ ಅಂಗಡಿಯ ಲಾಭದಲ್ಲಿ ತೃಪ್ತಿಪಟ್ಟು ಸುಮ್ಮನಾಗುತ್ತಿದ್ದನು. ಡೆನ್ನಿ ಸುಮ್ಮನಾಗಲಿಲ್ಲ. ಮುಂದಿನ ಐದು ವರ್ಷ ಒಂದು ಕಡೆ ಸ್ಟುಡಿಯೋದಲ್ಲಿ ಬಣ್ಣ ಹಚ್ಚಿ ನಟಿಸುವುದು, ಇನ್ನೊಂದು ಕಡೆ ಮುರಿದ ವಿಮಾನವನ್ನು ಮತ್ತೆ ಕಟ್ಟುವುದು, ಹೀಗೆ ನಡೆಯಿತು.

ಆತನ ದೊಡ್ಡ ಗುಣವೆಂದರೆ, ತನಗೆ ತಿಳಿಯದುದನ್ನು ತಿಳಿದವರ ಕೈಗೆ ಬಿಟ್ಟುಕೊಡುವುದು. ಇಂಜಿನ್ ಬಲ್ಲ ವಾಲ್ಟರ್ ರೈಟರ್ ಎಂಬವನಿಂದ 1938ರಲ್ಲಿ ವಿನ್ಯಾಸವೊಂದನ್ನು ಕೊಂಡನು. ಹವ್ಯಾಸಿಗಳಿಗೆ ಅದು ‘ಡೆನ್ನಿಪ್ಲೇನ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಅದರ ಪುಟ್ಟ ಇಂಜಿನಿಗೆ ‘ಡೆನ್ನಿಮೈಟ್’ ಎಂದು ಹೆಸರು. ರೇಡಿಯೋದ ಕೆಲಸಕ್ಕೆ ಕೆನೆತ್ ಕೇಸ್ ಎಂಬ ತರುಣ ಹೆಗಲು ಕೊಟ್ಟನು. ಮಕ್ಕಳು ಕೊಂಡ ಆಟಿಕೆಯ ಹಣ ಸೇನೆಯ ವಿಮಾನದ ಪ್ರಯೋಗಕ್ಕೆ ಆಧಾರವಾಯಿತೆಂದರೆ ತಪ್ಪಾಗದು. ಆರ್‌ಪಿ-2, ಆರ್‌ಪಿ-3, ಆರ್‌ಪಿ-4 ಎಂದು ಒಂದೊಂದಾಗಿ ತಿದ್ದುಪಡಿಗಳು ಬಂದವು. 1939ರಲ್ಲಿ ಸಂಸ್ಥೆಯ ಹೆಸರು ರೇಡಿಯೋಪ್ಲೇನ್ ಕಂಪೆನಿ ಎಂದಾಯಿತು. 1940ರಲ್ಲಿ ಕೊನೆಗೂ ಸೇನೆಯ ಗುತ್ತಿಗೆ ದೊರೆಯಿತು. ಮೊದಲ ಬೇಡಿಕೆ 53 ವಿಮಾನಗಳಿಗೆ ಮಾತ್ರ. ಆದರೆ ಯುದ್ಧದ ಮೋಡ ಕವಿಯುತ್ತ ಬಂದ ಕಾಲ ಅದು. 1941ರಲ್ಲಿ ಸುಧಾರಿಸಿದ ಮಾದರಿಗೆ ದೊಡ್ಡ ಬೇಡಿಕೆ ಬಂತು. ಅದೇ ಓಕ್ಯೂ-2.

ಕಾರ್ಖಾನೆಯ ಹುಡುಗಿ

ಓಕ್ಯೂ-2 ಆಟಿಕೆಗಿಂತ ದೊಡ್ಡದು, ವಿಮಾನಕ್ಕಿಂತ ಚಿಕ್ಕದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 12 ಅಡಿ, ಉದ್ದ ಎಂಟೂವರೆ ಅಡಿಗಿಂತ ತುಸು ಹೆಚ್ಚು, ತೂಕ ಸುಮಾರು 47 ಕಿಲೋ. ಆರು ಅಶ್ವಶಕ್ತಿಯ ಆಸುಪಾಸಿನ ಎರಡು ಸಿಲಿಂಡರಿನ ಇಂಜಿನ್. ಒಂದರ ಹಿಂದೊಂದು ಎರಡು ಪ್ರೊಪೆಲ್ಲರುಗಳು, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಪ್ರೊಪೆಲ್ಲರಿನ ಸೆಳೆತಕ್ಕೆ ವಿಮಾನ ಒಂದೇ ಬದಿಗೆ ವಾಲದಿರಲು ಈ ಉಪಾಯ. ಗಂಟೆಗೆ 137 ಕಿಲೋಮೀಟರ್ ವೇಗ, ಸುಮಾರು ಒಂದು ಗಂಟೆಯ ಹಾರಾಟ. ಕವಣೆಯಂಥ ಸಾಧನದಿಂದ ಮೇಲಕ್ಕೆ ಎಸೆಯುತ್ತಿದ್ದರು. ಗುಂಡು ತಾಗದೆ ಉಳಿದರೆ ನೆಲದಿಂದಲೇ ಪ್ಯಾರಾಶೂಟ್ ಬಿಚ್ಚಿಸಿ ಮೆಲ್ಲನೆ ಇಳಿಸಿಕೊಂಡು, ತೇಪೆ ಹಾಕಿ, ಮಾರನೆಯ ದಿನ ಮತ್ತೆ ಹಾರಿಸುವುದು. ನೌಕಾದಳ ಇದಕ್ಕೆ ಟಿಡಿಡಿ ಎಂದು ಹೆಸರಿಟ್ಟಿತು. ಟಾರ್ಗೆಟ್ ಡ್ರೋನ್ ಡೆನ್ನಿ ಎಂಬುದರ ಸಂಕ್ಷೇಪ ಅದು. ಹಾಸ್ಯನಟನ ಹೆಸರು ನೌಕಾದಳದ ಕಡತಕ್ಕೆ ಹೀಗೆ ಸೇರಿತು.

ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ ಸುಮಾರು 15,000 ಗುರಿವಿಮಾನಗಳು ಅಮೆರಿಕದ ಸೇನೆಗಾಗಿ ತಯಾರಾದುವು. ಗಂಡಸರು ಯುದ್ಧಕ್ಕೆ ಹೋದ ಆ ದಿನಗಳಲ್ಲಿ ಕ್ಯಾಲಿಫೋರ್ನಿಯದ ಈ ಕಾರ್ಖಾನೆಯಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಅವರಲ್ಲೊಬ್ಬಳು ನೋರ್ಮಾ ಜೀನ್ ಎಂಬ ಹದಿಹರೆಯದ ಗೃಹಿಣಿ. ಗಂಡ ಹಡಗಿನ ಕೆಲಸದಲ್ಲಿ ದೂರ ಹೋಗಿದ್ದನು. ಪ್ಯಾರಾಶೂಟುಗಳನ್ನು ಪರೀಕ್ಷಿಸುವುದು, ವಿಮಾನದ ಒಡಲಿಗೆ ವಾರ್ನಿಶ್ ಸಿಂಪಡಿಸುವುದು ಅವಳ ಕೆಲಸ. ಯುದ್ಧದ ಕೊನೆಕೊನೆಗೆ, ದುಡಿಯುವ ಹೆಂಗಸರ ಚಿತ್ರ ತೆಗೆಯಲು ಸೇನೆಯ ಛಾಯಾಗ್ರಾಹಕನೊಬ್ಬ ಅಲ್ಲಿಗೆ ಬಂದು ಅವಳ ಫೋಟೋ ತೆಗೆದನು. ಆ ಫೋಟೋದಿಂದ ಅವಳ ದಾರಿಯೇ ಬದಲಾಯಿತು. ಜಗತ್ತು ಅವಳನ್ನು ಮುಂದೆ ಮರ್ಲಿನ್ ಮನ್ರೋ ಎಂದು ತಿಳಿಯಿತು. ಆ ಫೋಟೋ ಪ್ರಪಂಚವೆಲ್ಲ ಸುತ್ತಿತು. ಅವಳು ಯಾರು ಕಟ್ಟಿದ ಕಾರ್ಖಾನೆಯಲ್ಲಿ ನಿಂತಿದ್ದಳು ಎಂಬುದನ್ನು ಕೇಳಿದವರು ಕಡಿಮೆ.

ಕೊನೆಯ ದಿನಗಳು

1952ರಲ್ಲಿ ನಾರ್ತ್ರೋಪ್ ಎಂಬ ದೊಡ್ಡ ವಿಮಾನ ಕಂಪೆನಿ ರೇಡಿಯೋಪ್ಲೇನನ್ನು ಕೊಂಡಿತು. ಆಗಲೂ ಡೆನ್ನಿ ನಟನೆ ಬಿಡಲಿಲ್ಲ. 1966ರಲ್ಲಿ ಬಂದ ‘ಬ್ಯಾಟ್‌ಮನ್’ ಚಿತ್ರದಲ್ಲಿ ಮುದುಕನೊಬ್ಬನ ನಗೆಯ ಪಾತ್ರ ಮಾಡಿದನು. ತಂದೆಯಂತೆ ಮಗನೂ ಕೊನೆಯವರೆಗೆ ನಗಿಸುವವನಾಗಿಯೇ ಉಳಿದನು. 1967ರ ಬೇಸಗೆಯಲ್ಲಿ ಸೋದರಿಯನ್ನು ಕಾಣಲು ಹುಟ್ಟೂರಾದ ರಿಚ್ಮಂಡಿಗೆ ಹೋಗಿದ್ದಾಗ ಕಾಯಿಲೆ ಬಿದ್ದು, ಜೂನ್ 16ರಂದು ತೀರಿಕೊಂಡನು. ಆಗ ಆತನಿಗೆ 75 ವರ್ಷ. ಕಡಲಾಚೆಗೆ ಹೋಗಿ ಅರ್ಧ ಶತಮಾನ ಬಾಳಿದವನು ಕಣ್ಣು ಮುಚ್ಚಿದ್ದು ಹುಟ್ಟಿದ ಊರಿನಲ್ಲಿ.

ನಮಗೆ ಉಳಿದ ಮಾತು

ಡೆನ್ನಿ ಬಿತ್ತಿದ ಬೀಜ ಮುಂದೆ ಏನಾಯಿತೆಂಬುದನ್ನು ಮರೆಮಾಚಿ ಕಥೆ ಮುಗಿಸಿದರೆ ನಾವು ವಾಚಕರಿಗೆ ಮೋಸಮಾಡಿದಂತೆ. 1950ರ ದಶಕದ ನಡುವೆಯೇ ಆತನ ಹಳೆಯ ಕಂಪೆನಿಯ ಗುರಿವಿಮಾನಕ್ಕೆ ಕ್ಯಾಮೆರಾ ಕಟ್ಟಿ, ಶತ್ರುವಿನ ನೆಲೆಯನ್ನು ನೋಡಿ ಬರುವ ವಿಮಾನವಾಗಿ ಮಾಡಿದರು. ಇನ್ನೂ ಕೆಲವು ದಶಕ ಕಳೆದ ಮೇಲೆ ಇಂಥ ವಿಮಾನಗಳಿಗೆ ಬೇರೆ ದೇಶಗಳೂ ಬೇರೆ ಕಂಪೆನಿಗಳೂ ಬಾಂಬು ಕಟ್ಟಿದವು. ಈಗ ಯುದ್ಧ ನಡೆಯುವ ನಾಡುಗಳಲ್ಲಿ, ಹವ್ಯಾಸಿಗಳು ಹಾರಿಸುವಂಥ ಸಣ್ಣ ಡ್ರೋನುಗಳೇ ಮನುಷ್ಯರನ್ನು ಹುಡುಕಿ ಕೊಲ್ಲುತ್ತಿವೆ. ಚಾಲಕನ ಜೀವ ಉಳಿಸಲೆಂದು ವಿಮಾನದಿಂದ ಮನುಷ್ಯನನ್ನು ಇಳಿಸಿದ್ದಾಯಿತು. ಗುಂಡು ತಿನ್ನಲು ಹುಟ್ಟಿದ್ದು ಗುಂಡು ಹೊಡೆಯಲು ಕಲಿಯಿತು. ಇದರ ಪಾಪವನ್ನೆಲ್ಲ ಡೆನ್ನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆಟದಲ್ಲಿ ಹುಟ್ಟಿದ ವಿದ್ಯೆ ಯಾರ ಕೈಗೆ ಹೋಗುತ್ತದೆ ಎಂಬುದು ಹುಟ್ಟಿಸಿದವನ ಹತೋಟಿಯಲ್ಲಿರುವುದಿಲ್ಲವೆಂಬುದನ್ನು ನೆನಪಿಡಬೇಕು. ಅದೇ ವಿದ್ಯೆ ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಹುಡುಕುತ್ತದೆ, ಹೊಲಕ್ಕೆ ಔಷಧಿ ಸಿಂಪಡಿಸುತ್ತದೆ ಎಂಬುದೂ ಅಷ್ಟೇ ನಿಜ.

ನಮ್ಮ ಕಾಲೇಜುಗಳ ಎನ್.ಸಿ.ಸಿ. ವಾಯುದಳದ ಕೆಡೆಟುಗಳಿಗೆ ಮಾದರಿ ವಿಮಾನ ಕಟ್ಟುವುದು ಒಂದು ಪಾಠವೇ ಆಗಿದೆ. ಈಗ ವಾಲ್ವಿಲ್ಲ, ಕಾಯಿಲಿಲ್ಲ. ಥರ್ಮೋಕೋಲಿನಂಥ ಹಗುರ ವಸ್ತುವಿನ ವಿಮಾನ, ವಿದ್ಯುತ್ ಮೋಟಾರ್, ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೋ ಬಂದಿವೆ. ನೆಲಕ್ಕೆ ಬಿದ್ದರೂ ಅರ್ಧ ಗಂಟೆಯಲ್ಲಿ ಅಂಟಿಸಬಹುದು. ಆದರೆ ಕ್ರಮ ಹಳೆಯದೇ. ಹಾರಿಸುವ ಮೊದಲು ಬೆರಳ ಮೇಲಿಟ್ಟು ಸಮತೋಲ ನೋಡುವುದು, ಬ್ಯಾಟರಿ ನೋಡುವುದು, ದೂರ ನಿಂತು ಚುಕ್ಕಾಣಿ ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸುವುದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವುದು, ಜನರ ತಲೆಯ ಮೇಲೆ ಒಯ್ಯದಿರುವುದು, ವಿಮಾನ ನಿಲ್ದಾಣ ಮತ್ತು ಸೇನೆಯ ನೆಲೆಗಳ ಬಳಿ ಅಪ್ಪಣೆಯಿಲ್ಲದೆ ಹಾರಿಸದಿರುವುದು. ಈ ಶಿಸ್ತಿಲ್ಲದವನಿಗೆ ಅದು ಬರಿಯ ಆಟಿಕೆ, ಶಿಸ್ತಿರುವವನಿಗೆ ಅದೊಂದು ವಿದ್ಯಾಶಾಲೆ.

ಹೀಗಾಗಿ, ಮಗ ಅಥವಾ ಮಗಳು ಮುರಿದ ವಿಮಾನವೊಂದನ್ನು ಎತ್ತಿಕೊಂಡು ಮುಖ ಸಣ್ಣದು ಮಾಡಿಕೊಂಡು ಅಂಗಳಕ್ಕೆ ಬಂದರೆ ನಾವು ಕೇಳಬೇಕಾದ ಪ್ರಶ್ನೆ ಎಷ್ಟು ಹಣ ಹಾಳಾಯಿತು ಎಂಬುದಲ್ಲ. ಯಾಕೆ ಬಿತ್ತು, ಹೇಗೆ ಸರಿಮಾಡುತ್ತೀ ಎಂಬುದು. ಪಕ್ಕದ ಮನೆಯ ಹುಡುಗನ ವಿಮಾನವನ್ನು ಮುರಿದು ಹಾಕಿದ ದಿನ ರೆಜಿನಾಲ್ಡ್ ಡೆನ್ನಿಯೂ ತನ್ನನ್ನು ತಾನು ಕೇಳಿಕೊಂಡಿರಬಹುದಾದದ್ದು ಅದನ್ನೇ. ಉತ್ತರ ಹುಡುಕುತ್ತ ಆತ ಬಾಳಿನ ಅರ್ಧವನ್ನು ಕಳೆದನು.